ಹದಿನೈದನೇ ಪುಟದ ಹಿಂಬದಿ

ಹೋದ ವರ್ಷದ ಬೇಸಿಗೆಯ ಮಾತು. ಮಂಡ್ಯದ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಕಾಮಿಕ್ಸ್ ಮಾಡುವ ಕೆಲಸಕ್ಕೆ ನಾನು ಬಿದ್ದು ಆಗ ಹತ್ತು ವರ್ಷ ದಾಟಿತ್ತು. ನನಗೆ ಹುದ್ದೆ ಇಲ್ಲ, ಇಲಾಖೆ ಇಲ್ಲ, ಬೈಯುವುದಕ್ಕೆ ಒಬ್ಬ ಮೇಲಧಿಕಾರಿಯೂ ಇಲ್ಲ. ಕಥೆ ನನ್ನದು, ಚಿತ್ರ ನನ್ನದು, ಅಚ್ಚು ಹಾಕಿಸಿ ಮಾರುವ ತಲೆನೋವೂ ನನ್ನದೇ. ಮದುವೆ ಮನೆಗಳಲ್ಲಿ ಯಾರಾದರೂ ‘ಏನ್ ಮಾಡ್ಕಂಡಿದ್ದೀಯಮ್ಮ’ ಎಂದು ಕೇಳಿದರೆ ‘ಡ್ರಾಯಿಂಗ್ ಟೀಚರು’ ಎಂದು ಹೇಳಿ ಊಟದ ಪಂಕ್ತಿಗೆ ನುಗ್ಗಿಬಿಡುತ್ತೇನೆ. ವಿವರಿಸುವಷ್ಟರಲ್ಲಿ ಮುದ್ದೆ ಆರಿಹೋಗಿರುತ್ತದೆ.

ನನ್ನ ಪುಸ್ತಕ ಕೊಳ್ಳುವವರಿಗೆ ಮುಂಗಾರಿಗೊಂದು, ದೀಪಾವಳಿಗೊಂದು, ಸಂಕ್ರಾಂತಿಗೊಂದು ವರದಿ ಕಳಿಸುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಯಾವ ಪುಸ್ತಕ ಎಲ್ಲಿಗೆ ಬಂತು, ಯಾವ ಮೇಳದಲ್ಲಿ ನನ್ನ ಮೇಜು ಹಾಕಿರುತ್ತೇನೆ, ಎಷ್ಟು ಪ್ರತಿ ಉಳಿದಿವೆ, ಇಷ್ಟೇ. ಬಂಡೂರು ಕುರಿಯ ಮೇಲೆ ಮಾಡಿದ ಪುಸ್ತಕ ಮೂರು ಸಲ ಅಚ್ಚಾಯಿತು ಎಂದು ಹೆಮ್ಮೆಯಿಂದ ಬರೆದದ್ದೂ ಇಂಥದೇ ವರದಿಯಲ್ಲಿ. ಒಂದು ವರ್ಷದಿಂದ ನನ್ನ ವರದಿಗಳಲ್ಲಿ ಹೊಸ ಪುಸ್ತಕವೂ ಇಲ್ಲ, ಮೇಳವೂ ಇಲ್ಲ. ಯಾಕೆ ಎಂದು ಫೋನು ಮಾಡುವವರಿಗೆಲ್ಲ ಬೇರೆ ಬೇರೆ ಸುಳ್ಳು ಹೇಳಿ ಸಾಕಾಗಿದೆ. ಆದದ್ದನ್ನು ಒಂದೇ ಸಲ ಬರೆದುಬಿಡುತ್ತೇನೆ. ಜನರ ಹೆಸರು ಬದಲಿಸಿದ್ದೇನೆ. ಊರು ಮಳವಳ್ಳಿ ತಾಲ್ಲೂಕಿನದು, ಅದರ ಹೆಸರು ಬೇಡ.

ಸಿದ್ದರಾಜು ಎಂಬುವರು ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಆ ಊರಿನ ಕೆಳಗಿನ ಬೀದಿಯಲ್ಲಿ ಹುಟ್ಟಿದವರು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು. ಒಂದು ದಿನ ನನ್ನ ಕೋಣೆಗೆ ಬಂದು, ‘ನಮ್ಮವ್ವನ ಕಥೆ ಮಾಡ್ಬೇಕು ಮೇಡಂ, ಬುದ್ಧ ಪೂರ್ಣಿಮೆಗೆ ಬಿಡುಗಡೆ ಮಾಡೋಣ’ ಎಂದರು. ಅವರ ತಾಯಿ ಪುಟ್ಟಮಾದಮ್ಮನಿಗೆ ಓದು ಬಾರದು. ಮಗ ಬರೆದದ್ದನ್ನು ಓದಲಾಗದಿದ್ದರೂ ಚಿತ್ರದ ಕಥೆಯಾದರೆ ಅವರೇ ನೋಡಬಹುದು ಎಂಬುದು ಅವರ ಲೆಕ್ಕ. ಸರಿಯಾದ ಲೆಕ್ಕವೇ. ಒಪ್ಪಿಕೊಂಡೆ.

ಪುಟ್ಟಮಾದಮ್ಮ ಹಳ್ಳಿ ಬಿಟ್ಟು ಮಗನ ಮನೆಗೆ ಬರದ ಹಟಮಾರಿ. ಇಪ್ಪತ್ತು ಗುಂಟೆಯಲ್ಲಿ ಕಬ್ಬು ಹಾಕಿಸಿಕೊಂಡು ತಾವೇ ನಿಂತು ನೀರು ಹಾಯಿಸುತ್ತಿದ್ದರು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಂದೇನ್ ಕತೆ ಅದೆ ಮಗಾ, ಉಂಡೆ, ದುಡ್ದೆ, ಮನಿಕಂಡೆ’ ಎಂದರು. ಮೂರನೆಯ ದಿನ ಕಥೆ ಹೊರಗೆ ಬಂತು.

ಮೂವತ್ತೈದು ವರ್ಷದ ಹಿಂದೆ ಮೇಲಿನ ಬೀದಿಯಲ್ಲಿ ತೊಂಬೆ ಕಟ್ಟಿಸಿದ್ದರಂತೆ, ಸುತ್ತಲೂ ನಲ್ಲಿ ಇರುವ ಸಿಮೆಂಟಿನ ನೀರಿನ ತೊಟ್ಟಿ. ಕೆಳಗಿನ ಬೀದಿಯ ಬೋರ್‌ವೆಲ್ ಕೆಟ್ಟು ಕೂತಿತ್ತು. ಪುಟ್ಟಮಾದಮ್ಮನ ದೊಡ್ಡ ಮಗಳು ಭಾಗ್ಯ, ಒಂಬತ್ತು ವರ್ಷದವಳು, ಜ್ವರದಲ್ಲಿ ಸುಡುತ್ತಿದ್ದಳು. ನೀರು ಕೇಳಿದಳು. ತಾಯಿ ಬಿಂದಿಗೆ ಹಿಡಿದು ತೊಂಬೆಗೆ ಹೋದರು. ಊರಿನ ಗೌಡರೊಬ್ಬರು ತುಂಬಿದ ಬಿಂದಿಗೆಯನ್ನು ಕಾಲಿನಿಂದ ಉರುಳಿಸಿದರು. ಅದು ಸಾಲದೆಂದು, ಮುಟ್ಟಿದ ತೊಂಬೆಯನ್ನು ಈಕೆಯ ಕೈಯಿಂದಲೇ ಈಚೆಯಿಂದ ಆಚೆಗೆ ಉಜ್ಜಿಸಿ ತೊಳೆಸುವ ತನಕ ಬಿಡಲಿಲ್ಲ. ಪುಟ್ಟಮಾದಮ್ಮ ಖಾಲಿ ಬಿಂದಿಗೆ ಹಿಡಿದು ಮನೆಗೆ ಬರುವಾಗ ಹೊತ್ತು ಮುಳುಗಿತ್ತು. ಮಗಳು ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ಕೂತಿದ್ದಳಂತೆ, ದಾರಿ ನೋಡುತ್ತ. ಎರಡು ದಿನಕ್ಕೆ ತೀರಿಕೊಂಡಳು. ಜ್ವರ ಬಂದು ಹೋದ ಮಗು, ನೀರು ಸಿಕ್ಕಿದ್ದರೆ ಉಳಿಯುತ್ತಿತ್ತು ಎಂದು ಪುಟ್ಟಮಾದಮ್ಮ ಹೇಳಲಿಲ್ಲ. ಹೇಳಿದ್ದು ಇಷ್ಟೇ: ‘ಕೇಳಿದ್ಲು, ಕೊಡಕಾಗ್ನಿಲ್ಲ.’

ಆ ಹುಡುಗಿಯ ಒಂದು ಫೋಟೊ ಇರಲಿಲ್ಲ. ತಮ್ಮ ಸಿದ್ದರಾಜು ಆಗ ಕೈಗೂಸು, ಅವರಿಗೂ ಮುಖ ಗೊತ್ತಿಲ್ಲ. ತಾಯಿಯ ಬಾಯಿಂದ ಕೇಳಿ ಕೇಳಿ ಬರೆದೆ. ‘ಮೂಗು ಇಂಗಲ್ಲ, ವಸಿ ಮೊಂಡು.’ ‘ಹುಬ್ಬು ಕೂಡ್ಕಂಡಿತ್ತು.’ ‘ಹಲ್ಲು ಉದುರಿತ್ತು ಕಣವ್ವ, ಮುಂದ್ಲು.’ ಜಗಲಿಯ ಮೇಲೆ ಹಾಳೆಗಳ ರಾಶಿ ಬಿತ್ತು. ಎರಡು ವಾರ ಅಳಿಸಿ ಬರೆದ ಮೇಲೆ ಒಂದು ಬೆಳಿಗ್ಗೆ ಅವರು ಚಿತ್ರವನ್ನು ನೋಡಿ ಒಳಗೆ ಹೋದರು. ಒಳಗಿನಿಂದಲೇ, ‘ಇವ್ಳೇಯ’ ಎಂದರು. ಹತ್ತು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಸಂತೋಷ ಆದದ್ದು ಅದೊಂದೇ ಸಲ.

ಗೌಡರ ಚಿತ್ರಕ್ಕೆ ಅಷ್ಟು ದಿನ ಬೇಕಾಗಲಿಲ್ಲ. ಅಗಲ ಕಿವಿ, ಪಂಚೆಯ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಲ್ಲುವ ಭಂಗಿ. ಎರಡೇ ಸಲಕ್ಕೆ ಬಂತು. ಆ ಮುಖವನ್ನೂ ಪುಟ್ಟಮಾದಮ್ಮ ಮಗಳ ಮುಖದಷ್ಟೇ ಜೋಪಾನವಾಗಿ ನೆನಪಿಟ್ಟುಕೊಂಡಿದ್ದರು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಕಾಮಿಕ್ಸ್ ಮಾಡುವವರು ದೊಡ್ಡ ಚಿತ್ರವನ್ನು ಓದುಗನ ಕಣ್ಣೆದುರಿಗೆ ಸುಮ್ಮನೆ ಇಡುವುದಿಲ್ಲ. ಬಲಗಡೆಯ ಪುಟದ ಕೊನೆಯಲ್ಲಿ ಒಂದು ಪ್ರಶ್ನೆ ಬಿಟ್ಟು, ಹಾಳೆ ಮಗುಚಿದ ಕೂಡಲೇ ಉತ್ತರ ಕಾಣುವಂತೆ ಜೋಡಿಸುತ್ತಾರೆ. ಓದುಗನ ಕೈಯೇ ಪರದೆ ಎಳೆಯಬೇಕು. ಹಾಗಾಗಿ ಹದಿನೈದನೇ ಪುಟದಲ್ಲಿ ತೊಂಬೆ, ಉರುಳಿದ ಬಿಂದಿಗೆ, ಗೋಡೆ ಉಜ್ಜುತ್ತಿರುವ ಪುಟ್ಟಮಾದಮ್ಮ. ಹಾಳೆ ಮಗುಚಿದರೆ ಹದಿನಾರರಲ್ಲಿ ಇಡೀ ಪುಟದ ತುಂಬ ಭಾಗ್ಯ ಒಬ್ಬಳೇ, ಬಾಗಿಲಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದಾಳೆ. ಒಂದು ಅಕ್ಷರವೂ ಇಲ್ಲ. ಎಷ್ಟು ಚೆನ್ನಾಗಿ ಕೂತಿದೆ ಎಂದು ನನಗೆ ನಾನೇ ಶಭಾಷ್‌ಗಿರಿ ಕೊಟ್ಟುಕೊಂಡೆ.

ಮದ್ದೂರಿನಲ್ಲಿ ಅಚ್ಚಾಯಿತು, ಇನ್ನೂರು ಪ್ರತಿ. ಪೂರ್ಣಿಮೆಗೆ ಇನ್ನೂ ಮೂರು ವಾರ ಇತ್ತು. ಬಿಡುಗಡೆಯ ಸುದ್ದಿಯ ಜೊತೆ ಮಾದರಿಗೆಂದು ಹದಿನೈದನೇ ಪುಟವನ್ನೇ ಹಾಕಿ, ಮುಂಗಾರಿಗೆ ಕಾಯದೆ ಒಂದು ವರದಿ ಕಳಿಸಿದೆ. ಯಾರೋ ಯಾರಿಗೋ ದಾಟಿಸಿದರು. ಅದೇ ಸಂಜೆಗೆ ಆ ಊರಿನ ವಾಟ್ಸಾಪ್ ಗ್ರೂಪಿನಲ್ಲಿತ್ತು. ಚಿತ್ರದ ಕೆಳಗೆ ಹೆಸರಿಲ್ಲ, ಊರಿಲ್ಲ. ಆದರೆ ಕಿವಿ ಇತ್ತು, ಪಂಚೆ ಹಿಡಿದ ಎಡಗೈ ಇತ್ತು.

ಆ ಗೌಡರು ತೀರಿಹೋಗಿ ಎಷ್ಟೋ ವರ್ಷವಾಗಿದೆ. ಅವರ ಮಗ ಬೋರಣ್ಣ ಮಾರನೆಯ ದಿನವೇ ಮಂಡ್ಯಕ್ಕೆ ಬಂದರು. ಕೂಗಾಡಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

‘ನೀನು ವೈದ್ಯನಾಥಪುರ್ದೋಳಂತೆ. ನಮ್ಮೋರೇ ಅಲ್ವೇನಮ್ಮ? ನಮ್ ಹುಡ್ಗಿಯೇ ನಮ್ಮಪ್ಪನ್ ಮಾನ ತೆಗುದ್ರೆ ಯಾರ್ತಾವ ಯೋಳನ?’

‘ನಡೆದದ್ದು ಸುಳ್ಳಾ ಅಣ್ಣ?’ ಎಂದೆ.

‘ಸುಳ್ಳು ಅಂತ ನಾನೆಲ್ ಅಂದೆ? ಆ ಕಾಲ್ದಲ್ಲಿ ಅಂಗಿತ್ತು. ಈಗ ನಾವೇನಾರ ಅಂಗ್ ಮಾಡ್ತಿದ್ದೀವಾ? ಆ ಹಾಳೆ ತೆಗುದ್‌ಬುಡಮ್ಮ.’

ಆಗುವುದಿಲ್ಲ ಎಂದೆ. ‘ನಾವೇನೂ ಅನ್ನಕಿಲ್ಲ ಬುಡು’ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಏನೂ ಅನ್ನಲಿಲ್ಲ, ನಿಜ. ನಾಲ್ಕು ದಿನದ ಮೇಲೆ ಪುಟ್ಟಮಾದಮ್ಮನ ಕಬ್ಬಿನ ಗದ್ದೆಗೆ ಹೋಗುವ ಬಂಡಿದಾರಿಯ ಮೇಲೆ ಜಾಲಿ ಮುಳ್ಳು ಬಿದ್ದಿತ್ತು. ದಾರಿ ಬೋರಣ್ಣನ ಜಮೀನಿನಲ್ಲಿ ಹಾಯುತ್ತದೆ. ದಾಖಲೆಯಲ್ಲಿ ದಾರಿ ಇಲ್ಲ, ಅಜ್ಜನ ಕಾಲದಿಂದ ನಡೆದದ್ದಷ್ಟೇ. ಕಬ್ಬು ಕಡಿದು ಬಿದ್ದಿತ್ತು. ಆಲೆಮನೆಗೆ ಸಾಗಿಸುವ ಟ್ರ್ಯಾಕ್ಟರು ಮುಳ್ಳಿನ ತನಕ ಬಂದು ವಾಪಸು ಹೋಯಿತು. ಕಡಿದ ಕಬ್ಬು ಬಿಸಿಲಲ್ಲಿ ಒಣಗುವುದನ್ನು ಮಂಡ್ಯ ಸೀಮೆಯವರಿಗೆ ನಾನು ವಿವರಿಸಬೇಕಾಗಿಲ್ಲ.

ಸುದ್ದಿ ಕೇಳಿ ಓಡಿದೆ. ಸಿದ್ದರಾಜು ಆಗಲೇ ಬಂದಿದ್ದರು. ‘ಕಂಪ್ಲೇಂಟ್ ಕೊಡ್ತೀನಿ, ಎಲ್ಲಾ ಕೇಸೂ ಹಾಕ್ತೀನಿ’ ಎಂದರು. ನಾನು ಸಾಕ್ಷಿಗೆ ಬರುತ್ತೇನೆ ಎಂದೆ. ನಮ್ಮಿಬ್ಬರ ಆವೇಶ ಮುಗಿಯುವವರೆಗೆ ಪುಟ್ಟಮಾದಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

‘ಕಂಪ್ಲೇಂಟ್ ಕೊಟ್‌ಬುಟ್ಟು ನೀನು ಮಳವಳ್ಳಿಗೆ ಓಯ್ತೀಯ’ ಎಂದರು ಮಗನಿಗೆ. ನನ್ನ ಕಡೆ ತಿರುಗಿ, ‘ನೀನು ಮಂಡ್ಯಕ್ಕೆ ಓಯ್ತೀಯ. ನಾಳೆ ಆ ದಾರೀಲಿ ನಡಿಯೋಳು ನಾನು ಕಣವ್ವ. ತೆಗುದ್‌ಬುಡು.’



ಪುಟ್ಟಮಾದಮ್ಮನೇ ಬೋರಣ್ಣನನ್ನು ಕರೆಸಿದರು. ಆ ಪುಟದ ಮೇಲೆ ಬಿಳಿ ಕಾಗದ ಅಂಟಿಸುತ್ತೇನೆ ಎಂದು ಹೇಳಿ ನೋಡಿದೆ. ‘ಅಂಟ್ಸುದ್ನ ಕೀಳಕ್ಕೆ ಎಷ್ಟೊತ್ತಮ್ಮ? ಹಾಳೆನೇ ಬ್ಯಾಡ’ ಎಂದರು. ಪುಟ್ಟಮಾದಮ್ಮ ತಲೆಯಾಡಿಸಿದರು. ಅವರ ಮನಸ್ಸಿನಲ್ಲಿ ಹೋಗುವುದು ತೊಂಬೆ ಮಾತ್ರ ಎಂದಿತ್ತು. ಪುಸ್ತಕ ತೆರೆದು ತೋರಿಸಿದೆ. ‘ಅವ್ವ, ಈ ಹಾಳೆಯ ಹಿಂದೆ ಭಾಗ್ಯ ಇದ್ದಾಳೆ. ಇದು ಹೋದರೆ ಅವಳೂ ಹೋಗುತ್ತಾಳೆ.’

ಅವರು ಹಾಳೆಯನ್ನು ಆ ಕಡೆ ಮಗುಚಿದರು, ಈ ಕಡೆ ಮಗುಚಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆಯ ಮೂಲೆಯನ್ನು ಉಜ್ಜಿದರು, ಈರುಳ್ಳಿ ಸಿಪ್ಪೆ ಬಿಡಿಸುವ ಹಾಗೆ ಎರಡು ಪದರ ಮಾಡಲು ನೋಡಿದರು. ಬಹಳ ಹೊತ್ತು ನೋಡಿದರು. ಆ ಬೆರಳು ಈಗಲೂ ನನಗೆ ಕಾಣುತ್ತದೆ.

‘ಒಂದ್ ಮಗ್ಗುಲು ಮಾತ್ರ ತೆಗಿಯಕಾಗಕಿಲ್ವ?’

‘ಇಲ್ಲ ಅವ್ವ. ಆದರೆ ಅವಳದನ್ನು ಬೇರೆ ಹಾಳೆಯಲ್ಲಿ ಅಚ್ಚು ಹಾಕಿಸಿ ಸೇರಿಸುತ್ತೇನೆ. ಎರಡು ದಿನದ ಕೆಲಸ.’

ನಾನು ದೊಡ್ಡ ಉಪಾಯ ಕಂಡುಹಿಡಿದೆ ಅಂದುಕೊಂಡಿದ್ದೆ. ಬೋರಣ್ಣ ಕೂಡ, ‘ಮಗಿಂದು ಬೇಕಾರೆ ಇರ್ಲಿ ಬುಡಿ’ ಎಂದು ಉದಾರವಾಗಿ ಹೇಳಿದರು.

‘ಬ್ಯಾಡ’ ಎಂದರು ಪುಟ್ಟಮಾದಮ್ಮ. ‘ಈ ಕಡೇದು ಇಲ್ದೆ ಅವ್ಳು ಬಾಗ್ಲಲ್ಲಿ ಯಾಕ್ ಕೂತವ್ಳೆ ಅಂತ ಯಾರ್ಗ್ ಗೊತ್ತಾಯ್ತದೆ? ಸುಮ್ಕೆ ಕುಂತಿರೋ ಮಗ ಅಂದ್ಕತಾರೆ. ಅವ್ಳು ಸುಮ್ಕೆ ಕುಂತಿರ್ನಿಲ್ಲ. ಓಗ್ಲಿ, ಅವ್ಳೂ ಓಗ್ಲಿ.’

ಮಾರನೆಯ ದಿನ ಪುಸ್ತಕಗಳನ್ನೆಲ್ಲ ತಂದು ಬೋರಣ್ಣನ ಜಗಲಿಯ ಮೇಲೆ ಕೂತು ನಾನೇ ಹರಿದೆ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಹಾಳೆಯನ್ನು ಬುಡದಿಂದ ಕಿತ್ತರೆ ಅದರ ಜೋಡಿ ಹಾಳೆಯೂ ಕಳಚಿಕೊಳ್ಳುತ್ತದೆ. ಹಾಗಾಗಿ ಸ್ಕೇಲು ಇಟ್ಟು ಬೆರಳಗಲದ ಅಂಚು ಉಳಿಸಿ ಹರಿಯಬೇಕು. ಪ್ರತಿ ಸಲವೂ ಭಾಗ್ಯ ಮೇಲ್ಮುಖವಾಗಿ ಬಂದಳು. ಮೊದಮೊದಲು ನೋಡುತ್ತಿದ್ದೆ, ಆಮೇಲೆ ಮಗುಚಿ ಇಟ್ಟೆ. ಮುಗಿದ ಮೇಲೆ ಬೋರಣ್ಣನ ಹೆಂಡತಿ ಕಾಫಿ ಕೊಟ್ಟರು. ಹಾಳೆಗಳ ಕಟ್ಟನ್ನು ಎತ್ತಿಕೊಂಡು, ‘ಹಂಡೆ ಒಲೆಗೆ ಆಯ್ತದೆ’ ಎಂದು ಹಿತ್ತಿಲಿಗೆ ಹೋದರು. ಆ ಹೆಂಗಸಿಗೆ ಕೇಡು ಮನಸ್ಸಿರಲಿಲ್ಲ. ಕಾಗದ ಕಂಡರೆ ಒಲೆ ನೆನಪಾಗುವ ಎಲ್ಲ ಮನೆಯವರಂತೆ ಅವರು. ಭಾಗ್ಯನ ಮುಖ ಆ ಮನೆಯವರ ಸ್ನಾನಕ್ಕೆ ನೀರು ಕಾಯಿಸಿತು. ಕಾಫಿ ಕುಡಿದು ಬಂದೆ. ಸಂಜೆಗೆ ಮುಳ್ಳು ತೆಗೆದಿದ್ದರು.

ಪೂರ್ಣಿಮೆಯ ದಿನ ಮಳವಳ್ಳಿಯಲ್ಲಿ ಬಿಡುಗಡೆ ಚೆನ್ನಾಗಿಯೇ ಆಯಿತು. ಜನ ಬಂದರು, ಫೋಟೊ ಹಿಡಿದರು. ಪುಟ್ಟಮಾದಮ್ಮ ಮುಂದಿನ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದರು. ಕಾಲೇಜಿನ ಲೆಕ್ಚರರ್ ಒಬ್ಬರು ಪುಸ್ತಕ ತಿರುವುತ್ತ ನನ್ನ ಮೇಜಿಗೆ ಬಂದು, ‘ಮೇಡಂ, ಹದಿನಾಲ್ಕಾದ ಮೇಲೆ ಹದಿನೇಳಿದೆ. ಬೈಂಡಿಂಗ್‌ನಲ್ಲಿ ಒಂದು ಹಾಳೆ ಬಿಟ್ಟಿದ್ದಾರೆ ನೋಡಿ’ ಎಂದರು. ಪಕ್ಕದಲ್ಲೇ ಇದ್ದ ಸಿದ್ದರಾಜು ನೆಲ ನೋಡಿದರು. ‘ಹೌದು ಸರ್, ಬೈಂಡಿಂಗ್ ತಪ್ಪು’ ಎಂದೆ. ಅವರು ಬೇರೆ ಪ್ರತಿ ತೆಗೆದು ನೋಡಿದರು, ಅದರಲ್ಲೂ ಇರಲಿಲ್ಲ. ‘ಪರವಾಗಿಲ್ಲ ಬಿಡಿ, ಕಥೆ ಗೊತ್ತಾಗುತ್ತೆ’ ಎಂದು ಕೊಂಡುಹೋದರು.

ಕಾರ್ಯಾಗಾರಗಳಲ್ಲಿ ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಎಂದರೆ, ಎರಡು ಚಿತ್ರಗಳ ನಡುವೆ ಬಿಟ್ಟ ಬಿಳಿ ಜಾಗದಲ್ಲಿ ನಡೆದದ್ದನ್ನು ಓದುವವರು ತಾವೇ ತುಂಬಿಕೊಳ್ಳುತ್ತಾರೆ, ಅವರನ್ನು ನಂಬಿ ಎಂಬುದು. ಹತ್ತು ವರ್ಷ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅವತ್ತು ಇಡೀ ಸಭೆ ಹದಿನಾಲ್ಕರಿಂದ ಹದಿನೇಳಕ್ಕೆ ದಾಟಿ ಹೋಯಿತು. ಯಾರೂ ಎಡವಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ತುಂಬಿಕೊಳ್ಳುವುದಿಲ್ಲ, ಮುಂದಿನ ಪುಟಕ್ಕೆ ಹೋಗುತ್ತಾರೆ ಅಷ್ಟೆ. ಈ ಕೆಲಸ ನನಗೆ ಕಲಿಸಿದ್ದು ಇದು. ಕಲಿತ ಮೇಲೆ ಕಾರ್ಯಾಗಾರಕ್ಕೆ ಕರೆದವರಿಗೆ ಬರುವುದಿಲ್ಲ ಎಂದಿದ್ದೇನೆ.

ಭಾಗ್ಯನ ಮೂಲ ಚಿತ್ರ ನನ್ನ ಹತ್ತಿರವೇ ಇತ್ತು. ಸಭೆ ಮುಗಿದ ಮೇಲೆ ಅದನ್ನು ಪುಟ್ಟಮಾದಮ್ಮನಿಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ‘ಮನೇಲಿಟ್ರೆ ಬಂದೋರು ಯಾರಿವ್ಳು ಅಂತಾರೆ. ಆಮ್ಯಾಕೆ ಯೋಳ್ಬೇಕಾಯ್ತದೆ. ನೀನೇ ಮಡೀಕೊ.’ ಆದರೆ ಪುಸ್ತಕದ ಒಂದು ಪ್ರತಿ ಇಸಿದುಕೊಂಡರು. ಓದು ಬಾರದವರು, ಪುಟದ ಅಂಕಿಯೂ ತಿಳಿಯದವರು. ಹರಿದ ಪುಸ್ತಕ ತಾನಾಗಿ ಅಲ್ಲಿಗೇ ತೆರೆದುಕೊಂಡಿತು. ಉಳಿದಿದ್ದ ಬೆರಳಗಲದ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ಮೇಲಿಂದ ಕೆಳಗೆ ಎಳೆದರು.

‘ಇಲ್ಲೇ ಅಲ್ವ ಮಗಾ?’

‘ಇಲ್ಲೇ ಅವ್ವ’ ಎಂದೆ.