ಔರಾದಿಗೆ ತಿರುಗಿದ ಕುದುರೆ

ಬಸ್ಸು ಭಾಲ್ಕಿ ದಾಟುವಾಗ ನಮ್ಮ ಮನೆತನದ ಗಂಡಸರು ಮುಖದ ಮೇಲೆ ಟವೆಲ್ ಹಾಕಿಕೊಳ್ಳುತ್ತಾರೆ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಹಾಕಿಕೊಳ್ಳುತ್ತಿದ್ದ. ಅವನನ್ನು ನೋಡಿ ಅಪ್ಪ, ಅಪ್ಪನನ್ನು ನೋಡಿ ನಾನು. ಯಾಕೆಂದು ಕೇಳಿದರೆ ಅಪ್ಪ ‘ಧೂಳು’ ಅನ್ನುತ್ತಿದ್ದ. ನಮ್ಮೂರು ಬೀದರಿನಲ್ಲಿ ಇಲ್ಲದ ಧೂಳು ಭಾಲ್ಕಿಯಲ್ಲಿ ಎಲ್ಲಿಂದ ಬಂತು ಎಂದು ನಾನು ಮುಂದೆ ಕೇಳಲಿಲ್ಲ. ಟವೆಲಿನ ಕೆಳಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದವನು ಅಣ್ಣನ ಮಗ ಸಂಜು. ಅವನು ಮೆಚ್ಚಿದ ಹುಡುಗಿ ಭಾಲ್ಕಿಯವಳು. ಮಾತುಕತೆಗೆ ನನ್ನನ್ನು ಕಳಿಸಿದರು. ಚಹಾದ ಹಿಂದೆಯೇ ಹುಡುಗಿಯ ಅಜ್ಜಿ ಬಂದಳು. ಎಲ್ಲರೂ ಅವಳನ್ನು ಆಯಿ ಅನ್ನುತ್ತಾರೆ. ನನ್ನನ್ನು ನೋಡಿದವಳೇ ಬೆರಳು ಚಾಚಿದಳು.

“ಇದೇ ಮೂಗು! ಈ ಮೂಗಿನಂವ ನಮ್ಮಕ್ಕನ ಲಗ್ನಕ್ಕ ಬರ್ಲಿಲ್ಲ. ಹಂದರ ಹಾಕಿತ್ತು, ಅಡಗಿ ಆಗಿತ್ತು, ಬೀಗರ ಬಂಡಿ ಎಲ್ಲಾ ಬಂದ್ವು. ಮದುಮಗನೇ ಇಲ್ಲ! ಈಗ ನಿಮ್ಮ ಹುಡುಗ ಬರ್ತಾನಂಬೋ ಖಾತ್ರಿ ಏನು?”

ನಾನು ಮೂಗು ಮುಚ್ಚಿಕೊಳ್ಳಲು ಕರವಸ್ತ್ರ ಹುಡುಕಿದೆ. ಸಂಬಂಧ ಅಲ್ಲಿಗೇ ನಿಂತಿತು. ಸಂಜು ಊಟ ಬಿಟ್ಟ.

ಮೂಗು ಮುತ್ಯಾನದೇ. ಆದರೆ ಅವನು ಮದುವೆಯಾದದ್ದು ಔರಾದಿನ ನಮ್ಮಜ್ಜಿಯನ್ನು. ಹಾಗಾಗಿ ಔರಾದಿಗೆ ಹೋಗಿ, ಇನ್ನೂ ಗಟ್ಟಿಯಾಗಿರುವ ಅಜ್ಜಿಯ ತಮ್ಮನನ್ನು ಕೇಳಿದೆ. ಮುದುಕ ಕೆಮ್ಮು ಬರುವವರೆಗೂ ನಕ್ಕ.

“ನಿಮ್ಮ ಮುತ್ಯಾಂದು ತಪ್ಪಿಲ್ಲೋ ತಮ್ಮಾ, ಎಲ್ಲಾ ಕುದುರಿದು! ಅದು ನಮ್ಮ ಮನ್ಯಾಗ ಬೆಳದಿದ್ದ ಕುದುರಿ. ನಮ್ಮಪ್ಪ ಬೀದರದವ್ರಿಗಿ ಮಾರಿದ್ದ. ಲಗ್ನದ ದಿನ ನಿಮ್ಮ ಮುತ್ಯಾಗ ಅದರ ಮ್ಯಾಲೇ ಕುಂಡ್ರಿಸಿದ್ರು. ಬಂಡಿ ಭಾಲ್ಕಿ ಹಾದಿ ಹಿಡದ್ವು, ಇದು ಸೀದಾ ನಮ್ಮ ಅಂಗಳಕ್ಕ ಬಂತು. ನಿಮ್ಮ ಮುತ್ಯಾಗ ಕುದುರಿ ಮ್ಯಾಲ ಕುಂಡ್ರೋದು ಗೊತ್ತಿತ್ತು, ನಿಂದ್ರಿಸೋದು ಗೊತ್ತಿರ್ಲಿಲ್ಲ. ಬಾಸಿಂಗ ಕಟ್ಕೊಂಡು ಬಂದಂವಗ ಬರಿಗೈಲೆ ಹ್ಯಾಂಗ ಕಳಸೋದು ಅಂತ ನಮ್ಮಪ್ಪಗ ಚಿಂತಿ. ನಮ್ಮಕ್ಕ, ಅಂದ್ರ ನಿಮ್ಮಜ್ಜಿ, ಬಾಗಲ ಸಂದಿಲಿಂದ ನೋಡಿ ಹೂಂ ಅಂದಳು.”

ಮರಳುವ ಬಸ್ಸಿನಲ್ಲಿ ನನಗೆ ನಗು ಬರಲಿಲ್ಲ. ನಮ್ಮ ವಂಶದ ಹಿರಿಮೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಆ ವಂಶವೆಲ್ಲ ಒಂದು ಕುದುರೆಗೆ ಹಳೆಯ ಕೊಟ್ಟಿಗೆಯ ಮೇವು ನೆನಪಾದದ್ದರ ಫಲ. ಇದರಲ್ಲಿ ಮುತ್ಯಾನ ಪಾತ್ರ ಕೆಳಗೆ ಬೀಳದೆ ಕೂತದ್ದಷ್ಟೇ.

ಭಾಲ್ಕಿಗೆ ಹೋಗಿ ಆಯಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು ಅವಳು ಅಂದಳು:

“ಅಕ್ಕಗೇನು ಕಮ್ಮಿ ಆಗ್ಲಿಲ್ಲಪಾ. ಬೀಗರ ಬಂಡ್ಯಾಗ ಬಂದಿದ್ದ ಒಬ್ಬ ಹುಡುಗನ ಜೋಡಿ ಅದೇ ಮುಹೂರ್ತಕ್ಕ ಲಗ್ನ ಆತು. ಆದ್ರ ಅಕಿ ಬಣ್ಣಾ ನೋಡಿ ನಿಮ್ಮ ಮುತ್ಯಾ ಓಡಿದ ಅಂತ ಊರೆಲ್ಲಾ ಅಂದರು. ಸಾಯೋತನಕ ಅಕಿ ಅದನ್ನ ಮರೀಲಿಲ್ಲ. ಕುದುರಿ ತಪ್ಪಿತ್ರಿ ಅಂತ ಒಮ್ಮಿ ಬಂದು ಹೇಳಬಾರದಿತ್ತೇನು?”

ನಗೆಪಾಟಲಾಗುವ ಹೆದರಿಕೆಗೆ ಮುತ್ಯಾ ನುಂಗಿಕೊಂಡ ಒಂದು ಮಾತು ಇಲ್ಲೊಬ್ಬಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. “ತಪ್ಪಾಯ್ತ್ರಿ ಆಯಿ,” ಎಂದೆ.

ಮದುಮಗ ಬಸ್ಸಿನಲ್ಲೇ ಬರಬೇಕು ಎಂಬ ಷರತ್ತಿನ ಮೇಲೆ ಲಗ್ನ ಗೊತ್ತಾಯಿತು. ಆ ದಿನ ಆಯಿ ತಾನೇ ಬಸ್‌ಸ್ಟ್ಯಾಂಡಿಗೆ ಬಂದು, ಸಂಜುವಿನ ಮಣಿಕಟ್ಟು ಹಿಡಿದು ಹಂದರದವರೆಗೂ ಬಿಡದೆ ನಡೆಸಿಕೊಂಡು ಹೋದಳು. ಊಟದ ಪಂಕ್ತಿಯಲ್ಲಿ ನನ್ನೆದುರು ನಿಂತು ಮೆಲ್ಲಗೆ ಕೇಳಿದಳು:

“ನಿಮ್ಮ ಅಜ್ಜಿ ಹ್ಯಾಂಗಿದ್ದಳಪಾ?”

“ಭಾಳ ಚಲೋ ಇದ್ದಳ್ರಿ.”

ಅವಳು ಸ್ವಲ್ಪ ಯೋಚಿಸಿ, ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು.

“ಹಂಗಾದ್ರ ಕುದುರಿಗಿ ಬುದ್ಧಿ ಇತ್ತು ಬಿಡು. ಉಣ್ಣು.”