ಎಮ್ಮೆಯ ತಲೆಗೆ ಕಟ್ಟಿದ ಕೆಮ್ಮು

ಹುಲಗೋಳದ ರಕ್ಷಿತಾಳ ಕೆಮ್ಮಿಗೆ ಒಂದು ಕಾಲಕ್ಕೆ ಊರಿನಲ್ಲಿ ಒಳ್ಳೆಯ ಮರ್ಯಾದೆಯೇ ಇತ್ತು. ಚಿಕ್ಕಂದಿನಲ್ಲಿ ಬಂದ ದಡಾರ ಹೋಗುವಾಗ ಸುಮ್ಮನೆ ಹೋಗದೆ ಶ್ವಾಸಕೋಶ ಕೆಡಿಸಿಟ್ಟು ಹೋಗಿತ್ತು. ಉಸಿರಿನ ನಾಳಗಳು ಸಡಿಲಾಗಿ ಕಫ ಅಲ್ಲೇ ಮಡುಗಟ್ಟುತ್ತಿತ್ತು. ಶಿರಸಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅವಳು ಕೆಮ್ಮತೊಡಗಿದರೆ ಯಾರಾದರೂ ಎದ್ದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಡುತ್ತಿದ್ದರು. ಕೊರೊನಾ ಬಂದ ಮೇಲೆ ಕಿಟಕಿಯೇನು, ಇಡೀ ಸೀಟನ್ನೇ ಬಿಟ್ಟು ಹಿಂದಕ್ಕೆ ಸರಿದರು. ಆಮೇಲೆ ಬಸ್ಸೂ ನಿಂತಿತು, ಕಾಲೇಜೂ ಮೊಬೈಲಿನೊಳಗೆ ಸೇರಿಕೊಂಡಿತು.

ಈ ಕಾಯಿಲೆಗೆ ಗುಳಿಗೆಗಿಂತ ಅಮ್ಮನ ಕೈಯೇ ದೊಡ್ಡ ಮದ್ದು. ದಿನಾ ಬೆಳಗ್ಗೆ ರಕ್ಷಿತಾ ಸೊಂಟದ ಕೆಳಗೆ ದಿಂಬು ಕೊಟ್ಟು, ತಲೆ ತಗ್ಗಿಸಿ ಬೋರಲು ಮಲಗಬೇಕು. ತಾಯಿ ಹೊನ್ನಿ ಅಂಗೈಯನ್ನು ಬಟ್ಟಲು ಮಾಡಿಕೊಂಡು ಬೆನ್ನು ತಟ್ಟಬೇಕು. ಕಫ ಸಡಿಲಾಗಿ ಕೆಮ್ಮಿನ ಜೊತೆ ಹೊರಗೆ ಬರಬೇಕು. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಈ ಕೆಲಸ ವರ್ಷಗಟ್ಟಲೆ ಜಗಲಿಯ ಮೇಲೆಯೇ ನಡೆದಿತ್ತು. ಆ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಎರಡನೇ ಅಲೆ ಬಂದಾಗ ಎಲ್ಲರ ತಲೆಯೂ ಕೆಟ್ಟಿತು. ಕೆಳಗಿನ ಕೇರಿಯಲ್ಲಿ ಒಬ್ಬರು ‘ಹಳೇ ದಮ್ಮು’ ಎನ್ನುತ್ತಲೇ ಇದ್ದು ತೀರಿಕೊಂಡರು. ಆ ಮನೆಯಿಂದ ಜ್ವರ ಮತ್ತೆ ಮೂರು ಮನೆಗೆ ಹಬ್ಬಿತು. ಹಾಗಾಗಿ ಜನ ಹೆದರಿದ್ದರಲ್ಲಿ ತಪ್ಪು ಹುಡುಕುವುದೂ ಕಷ್ಟ. ರಕ್ಷಿತಾಳ ಮೂಗಿಗೆ ಕಡ್ಡಿ ಹಾಕಿ ನೋಡಿ ಏನೂ ಇಲ್ಲವೆಂದು ಹೇಳಿದ್ದರು. ಆದರೆ ಆಸ್ಪತ್ರೆಯ ಮಾತು ಯಾರಿಗೆ ಬೇಕು? ಎಲ್ಲರೂ ತಮ್ಮ ಕಿವಿಯನ್ನೇ ನಂಬಿದರು. ಹೊನ್ನಿ ಬೆನ್ನು ತಟ್ಟುವುದನ್ನು ಜಗಲಿಯಿಂದ ಬಾಗಿಲ ಒಳಗೆ ಬದಲಾಯಿಸಿದಳು.

ಅಷ್ಟರಲ್ಲಿ ನೆಟ್ಟಿಯ ಕಾಲ ಬಂತು. ಹೊನ್ನಿಯ ಕೇರಿಯಲ್ಲಿ ಸಸಿ ನೆಡುವುದು ಮುಯ್ಯಾಳಿನಿಂದ. ಇವತ್ತು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು. ಯಾರ ಮನೆಗೆ ಮುಯ್ಯಾಳು ಬರುವುದಿಲ್ಲವೋ ಅವರ ಗದ್ದೆ ಬೀಳು ಬಿದ್ದಂತೆಯೇ. ಗಂಡ ಸತ್ತ ಮೇಲೆ ಹೊನ್ನಿ ತನ್ನ ಗದ್ದೆಯನ್ನು ಒಂದು ವರ್ಷವೂ ಬೀಳು ಬಿಟ್ಟವಳಲ್ಲ.

ಒಂದು ಬೆಳಗ್ಗೆ ಪಕ್ಕದ ಮನೆಯ ಮಹೇಶ್ವರಿ ಬೇಲಿಯಾಚೆಯಿಂದ ಕೇಳಿದಳು. “ಹೊನ್ನಕ್ಕಾ, ನಿಮ್ಮನೇಲಿ ಕೆಮ್ಮು ಕೇಳ್ತಿತ್ತಲ್ಲೇ. ರಕ್ಷಿತಂದು ಹಳೇದಾ, ಹೊಸದಾ?”

ಹೊನ್ನಿ ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟಳು. “ಅವಳದ್ದು ಹೋದ ತಿಂಗಳೇ ನಿಂತದೆ ಮಾರಾಯ್ತಿ. ಅದು ಕೊಟ್ಟಿಗೇಲಿರೋ ಎಮ್ಮೆ. ಗಂಟ್ಲು ಕಟ್ಟಿದೆ.”

ಮಹೇಶ್ವರಿ ಒಳ್ಳೆಯವಳು. ಸಂಜೆಯೊಳಗೆ ಶುಂಠಿ, ಕಾಳುಮೆಣಸು ಕುಟ್ಟಿ ಬೆಲ್ಲದಲ್ಲಿ ಉಂಡೆ ಕಟ್ಟಿ ಎಮ್ಮೆಗೆಂದು ಕಳಿಸಿದಳು. ಆ ಉಂಡೆ ನೋಡಿ ರಕ್ಷಿತಾಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು. ಹೊನ್ನಿ ಓಡಿಬಂದು ಅವಳ ಮುಖವನ್ನು ದಿಂಬಿಗೆ ಒತ್ತಿ ಹಿಡಿದಳು. ಬಿಟ್ಟಾಗ ಇಬ್ಬರ ಕಣ್ಣಲ್ಲೂ ನೀರು. “ನೆಟ್ಟಿ ಮುಗಿಯೂ ತನಕ ಸುಮ್ನಿರು ಮಗಾ,” ಎಂದಳು ಹೊನ್ನಿ.

ಅಂದಿನಿಂದ ಬೆನ್ನು ತಟ್ಟುವುದು ನಿಂತಿತು. ರಕ್ಷಿತಾ ಹಿಂದಿನ ಕೋಣೆ ಸೇರಿದಳು. ಕೆಮ್ಮನ್ನು ನುಂಗುವುದಕ್ಕೂ ಒಂದು ಅಭ್ಯಾಸ ಬೇಕು, ಅದು ಅವಳಿಗೆ ಬೇಗ ಬಂತು. ಮಾತಾಡಿದರೆ ಕೆಮ್ಮು ಬರುತ್ತದೆಂದು ಮಾತು ಬಿಟ್ಟಳು. ಉಣ್ಣುವಾಗ ಕೆರೆಯುತ್ತದೆಂದು ಊಟ ಕಡಿಮೆ ಮಾಡಿದಳು. ಮೊಬೈಲಿನ ಪಾಠದಲ್ಲಿ ಮೇಷ್ಟ್ರು ಹೆಸರು ಕೂಗಿದರೂ ಉತ್ತರವಿಲ್ಲ. ಗೆಳತಿ ನೇತ್ರಾ ಕಳಿಸಿದ ಮೆಸೇಜುಗಳನ್ನು ತೆರೆದೂ ನೋಡಲಿಲ್ಲ. ಮೊದಮೊದಲು ಸಾವಿನ ಹೆದರಿಕೆ ಇತ್ತು. ಆಮೇಲೆ ಅದೂ ಹೋಗಿ ಬರೀ ಆಯಾಸ ಉಳಿಯಿತು. ಗೋಡೆ ನೋಡುತ್ತ ಮಲಗಿದಾಗ ಒಂದೇ ಯೋಚನೆ: ತಾನೊಬ್ಬಳು ಇಲ್ಲದಿದ್ದರೆ ಈ ಮನೆಯಲ್ಲಿ ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ.

ಮುಯ್ಯಾಳು ಬಂದರು. ಮೊದಲ ದಿನ ಮೇಲಿನ ಗದ್ದೆ ಮುಗಿಯಿತು. ಮರುದಿನ ಕೆಳಗಿನ ಗದ್ದೆಗೆ ಇಳಿಯುವ ಮುಂಚೆ ಎಲ್ಲರೂ ಅಂಗಳದ ಚಪ್ಪರದಡಿ ದೂರ ದೂರ ಕೂತು ಚಾ ಕುಡಿಯುತ್ತಿದ್ದರು. ಹೊನ್ನಿ ಗಂಜಿ ಹಿಡಿದು ಹಿಂದಿನ ಕೋಣೆಗೆ ಹೋದಳು. ಮಗಳ ಮೈ ಕಾದಿತ್ತು, ಎದೆಯೊಳಗೆ ಗೊರಗೊರ ಸದ್ದು.

“ಒಂಚೂರು ಉಣ್ಣು ಮಗಾ.”

“ಎಮ್ಮೆಗೆ ಹಾಕು ಅಮ್ಮ,” ಎಂದಳು ರಕ್ಷಿತಾ ಗೋಡೆ ಕಡೆಯಿಂದ ತಿರುಗದೆ. “ಅದು ಕೆಮ್ಮಿದ್ರೆ ಮದ್ದಾದ್ರೂ ಬರ್ತದೆ. ನನ್ನ ಬಿಟ್ಟುಬಿಡು. ನಂಗೆ ಸಾಕಾಗಿದೆ.”

ಸಿಟ್ಟಿನಲ್ಲಿ ಹೇಳಿದ್ದರೆ ಹೊನ್ನಿ ಬೈಯುತ್ತಿದ್ದಳು, ಅತ್ತು ಹೇಳಿದ್ದರೆ ಸಮಾಧಾನ ಮಾಡುತ್ತಿದ್ದಳು. ಅದು ಎರಡೂ ಆಗಿರಲಿಲ್ಲ. ಗಂಜಿಯ ಬಟ್ಟಲು ಕೆಳಗಿಟ್ಟು, ದಿಂಬು ಕಂಕುಳಲ್ಲಿ ಇರುಕಿಕೊಂಡು, ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ರಕ್ಷಿತಾ ಬೇಡವೆಂದು ಬಾಗಿಲಿನ ದಾರಂದ ಹಿಡಿದುಕೊಂಡಳು. ಹೊನ್ನಿ ಆ ಬೆರಳುಗಳನ್ನು ಬಿಡಿಸಿ, ಅವಳನ್ನು ಜಗಲಿಗೆ ತಂದು, ಎಲ್ಲರೆದುರು ಬೋರಲು ಮಲಗಿಸಿ ಬೆನ್ನು ತಟ್ಟತೊಡಗಿದಳು.

ತಡೆದಿಟ್ಟ ಕೆಮ್ಮು ಒಮ್ಮೆಗೇ ಬಂತು. ಅಂಗಳದಲ್ಲಿ ಚಾದ ಲೋಟಗಳು ನೆಲ ಕಂಡವು. ಸೆರಗು, ಟವೆಲ್ಲು ಮೂಗಿಗೇರಿದವು.

“ಎಮ್ಮೆ ಅಂದಿದ್ಯಲ್ಲೇ ಹೊನ್ನಕ್ಕಾ?” ಎಂದಳು ಮಹೇಶ್ವರಿ.

“ಎಮ್ಮೆ ಅಲ್ಲ, ನನ್ನ ಮಗಳು. ಹಳೇ ಕೆಮ್ಮೇ. ಸುಳ್ಳು ಹೇಳಿದ್ದು ನಾನು, ತಪ್ಪಾತು. ಇರೋರು ಇರಿ, ಹೋಗೋರು ಹೋಗಿ.” ಕೈ ಮಾತ್ರ ನಿಲ್ಲಲಿಲ್ಲ.

ಒಬ್ಬೊಬ್ಬರೇ ಎದ್ದರು. ಮಹೇಶ್ವರಿ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಅವಳೂ ಹೋದಳು. ರಕ್ಷಿತಾ ತಲೆ ತಗ್ಗಿಸಿಕೊಂಡೇ ನೋಡಿದಳು. ಕೆಳಗಿನ ಗದ್ದೆ ಉತ್ತು, ನೀರು ಕಟ್ಟಿಸಿಕೊಂಡು ಖಾಲಿ ನಿಂತಿತ್ತು. ಬದುವಿನ ಮೇಲೆ ಕಿತ್ತು ಕಟ್ಟಿಟ್ಟ ಸಸಿಯ ಸೂಡಿಗಳು ಹಾಗೇ ಇದ್ದವು. ಮುಂದೆ ಅವನ್ನು ಎಮ್ಮೆಯೇ ತಿಂದಿತು.

“ಅಮ್ಮಾ, ಗದ್ದೆ,” ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿ ಅಂಗಳಕ್ಕೆ ಕೇಳಿತು.

“ಗದ್ದೆ ಎಲ್ಲಿಗೂ ಹೋಗೂದಿಲ್ಲ,” ಎಂದಳು ಹೊನ್ನಿ. “ನೀ ಕೆಮ್ಮು.”