ಜೇನುಬಂಡೆ ದಾಟಿದ ಮದುವೆ ಕೋಟು

ಸಿರಾ ಪೇಟೆಯ ಕರೀಮ್ ಸಾಬರ ಹೊಲಿಗೆ ಅಂಗಡಿಯಲ್ಲಿ ಮಕ್ಬೂಲ್ ಕಾಜಾ ತೆಗೆಯುತ್ತಲೇ ಮೀಸೆ ಬೆಳೆಸಿಕೊಂಡಿದ್ದ. ಬಟ್ಟೆಗೆ ಗುಂಡಿಯ ತೂತು ಕೊರೆದು ಅದರ ಅಂಚು ಕಟ್ಟುವುದು ಬಿಟ್ಟರೆ ಈ ಲೋಕಕ್ಕೆ ತನ್ನಿಂದ ಬೇರೆ ಉಪಕಾರವಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಕತ್ತರಿ ಮುಟ್ಟುವ ಹಕ್ಕು ಉಸ್ತಾದರಾದ ಸಾಬರದು. ಸಾಬರ ಕಣ್ಣಿಗೆ ಪೊರೆ ಬರತೊಡಗಿದ್ದರಿಂದ ಆ ಬೇಸಿಗೆಯಲ್ಲಿ ಒಂದು ಮದುವೆ ಕೋಟನ್ನು ಕತ್ತರಿಸುವ ಕೆಲಸ ಮೊದಲ ಸಲ ಇವನ ಪಾಲಿಗೆ ಬಂತು.

"ಮದುಮಗನ ಮೈಮೇಲೆ ಕೂತರೆ ಕತ್ತರಿ ನಿಂದು ಬೇಟಾ. ಏನಾದ್ರೂ ದೂರು ಬಂತೋ, ಮತ್ತೆ ಕಾಜಾ," ಎಂದಿದ್ದರು ಸಾಬರು.

ಮದುಮಗನ ಕೋಟೆಂದರೆ ದರ್ಜಿಯೇ ಲಗ್ನದ ಮನೆಗೆ ಹೋಗಿ, ಮೈಮೇಲೆ ನೋಡಿ, ಕೊನೆಯ ಹೊಲಿಗೆ ಹಾಕಿ ಬರಬೇಕು. ಹೊರಡುವ ಮುಂಚೆ ಕಾಲರಿನ ಒಳಮಗ್ಗುಲಿಗೆ ಒಂದು ತೊಟ್ಟು ಅತ್ತರು ಹಚ್ಚುವುದು ಆ ಅಂಗಡಿಯ ಪದ್ಧತಿ. ತನ್ನ ಮೊದಲ ಕೋಟಲ್ಲವೇ ಎಂಬ ಹುರುಪಿನಲ್ಲಿ ಮಕ್ಬೂಲ್ ಅರ್ಧ ಸೀಸೆ ಸುರಿದುಬಿಟ್ಟಿದ್ದ.

ಕೋಟು ಕಟ್ಟಿದ ಬಿಳಿ ಬಟ್ಟೆಯ ಗಂಟು ಹಿಡಿದು ಅವನು ಮಧುಗಿರಿಯಲ್ಲಿ ಬಸ್ಸಿನಿಂದ ಇಳಿದಾಗ ಮದುಮಗನ ಸೋದರಮಾವ ಗಂಗಹನುಮಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ.

"ನಮ್ಮೂರ ಬಸ್ಸು ಅಚ್ಚು ಮುರಕಂಡು ಕೂತದೆ ಸಾಬಣ್ಣ. ರಸ್ತೆ ಹಿಡಿದ್ರೆ ಸುತ್ತು. ಗುಡ್ಡದ ಮೇಲೆ ಹೋಗಾನ. ಗೋಧೂಳಿ ಲಗ್ನ, ಒತ್ತು ಮುಳುಗೋದ್ರೊಳಗೆ ಸೇರ್ಕಬೌದು."

"ಗುಡ್ಡದಲ್ಲಿ ಕರಡಿ ಇದಾವಂತಲ್ಲ ಗೌಡ್ರೇ?"

"ಇದಾವೆ. ಆದ್ರೆ ನಿನ್ ಮೈಯಲ್ಲಿ ಏನೈತೆ ಅಂತ ಬತ್ತವೆ? ಬಾ ಬಾ."

ಮೊದಲ ಗುಡ್ಡಕ್ಕೇ ಮಕ್ಬೂಲನ ಉಸಿರು ಕಟ್ಟಿತು. ದಿನವಿಡೀ ಚಕ್ಕಂಬಟ್ಟಲು ಹಾಕಿ ಕೂತ ಕಾಲುಗಳು ಬಂಡೆ ಹತ್ತಲು ಒಪ್ಪುತ್ತಿರಲಿಲ್ಲ. ಕೊಲ್ಲಾಪುರಿ ಚಪ್ಪಲಿ ಜಾರುತ್ತಿತ್ತು. ಗಂಟನ್ನು ಒಮ್ಮೆ ತಲೆಗೆ, ಒಮ್ಮೆ ಕಂಕುಳಿಗೆ, ಮತ್ತೊಮ್ಮೆ ಮಗುವಿನ ಹಾಗೆ ಎದೆಗೆ ಬದಲಾಯಿಸುತ್ತಾ ಹೋದ. ಬೆವರು ತಾಗಿದರೆ ಕೋಟು ಕಲೆಯಾದೀತು, ಮುಳ್ಳು ತಾಗಿದರೆ ಹರಿದೀತು. ತೋಳು ಒಂದು ಬೆರಳು ಗಿಡ್ಡವಾಯಿತೇನೋ ಎಂಬ ಅನುಮಾನ ಬೇರೆ. ಕರಡಿ ಬಂದರೆ ಕೊನೆಪಕ್ಷ ಈ ಅನುಮಾನವಾದರೂ ತೀರುತ್ತದೆ ಎಂದುಕೊಂಡ.

ಎರಡನೆಯ ಗುಡ್ಡ ಇಳಿದು ಮೂರನೆಯದರ ನಡುವಿಗೆ ಬಂದಾಗ ತಲೆಯ ಮೇಲೆ ಬಂಡೆಯೊಂದು ಚಾಚಿಕೊಂಡಿತ್ತು. ಅದರಡಿ ಕರಿಯ ಮೊರಗಳಂತೆ ಹೆಜ್ಜೇನಿನ ಹುಟ್ಟುಗಳು ತೂಗುತ್ತಿದ್ದವು.

"ಜೇನುಬಂಡೆ. ಬೀಡಿ ಹಚ್ಚಬ್ಯಾಡ, ಮಾತಾಡಬ್ಯಾಡ," ಎಂದು ಪಿಸುಗುಟ್ಟಿದ ಗಂಗಹನುಮಯ್ಯ ನಾಲ್ಕು ಹೆಜ್ಜೆ ಇಟ್ಟು ನಿಂತ. ಮೂಗು ಅರಳಿಸಿದ. "ಏನ್ಲಾ ಇದು ಗಮಲು?"

"ಅತ್ತರು. ಮದುಮಗನಿಗೆ ಅಂತ..."

"ಅಯ್ಯೋ ನಿನ್ ಮನೆ ಕಾಯ್ವಾಗ! ಎಸಿಯೋ ಗಂಟಾ!"

ಅಷ್ಟರಲ್ಲಿ ಮೇಲಿನ ಮೊರವೊಂದು ಅಲುಗಿತು. ಮಕ್ಬೂಲ್ ಗಂಟನ್ನು ಎಸೆಯಲಿಲ್ಲ. ಧೈರ್ಯವೇನಲ್ಲ, ಎಸೆಯಬೇಕೆಂದು ಕೈಗೆ ತಿಳಿಯಲೇ ಇಲ್ಲ. ಕೆನ್ನೆಗೆ, ತುಟಿಗೆ, ಕತ್ತಿಗೆ ಬೆಂಕಿ ಬಿದ್ದ ಮೇಲೆ ಗಂಟು ತಾನಾಗಿ ಜಾರಿತು. ಗಂಗಹನುಮಯ್ಯ ಅವನ ಜುಟ್ಟು ಹಿಡಿದೆಳೆದು ಪೊದೆಯ ಬುಡಕ್ಕೆ ಕೆಡವಿ, ಇಬ್ಬರ ಮೇಲೂ ಕಂಬಳಿ ಮುಚ್ಚಿದ.

ಕಂಬಳಿಯ ಸಂದಿನಿಂದ ಮಕ್ಬೂಲ್ ನೋಡಿದ. ಹಾಸುಬಂಡೆಯ ಮೇಲೆ ಬಿಳಿ ಗಂಟು ಕಪ್ಪಾಗಿತ್ತು. ಕಪ್ಪು ಗಂಟು ಮಿಸುಕಾಡುತ್ತಿತ್ತು. ಅದರಾಚೆ ಬಿಸಿಲು ಇಳಿಯುತ್ತಿತ್ತು.

"ಲಗ್ನ ಮೀರಿದ್ರೆ?" ಎಂದ, ಊದಿದ ತುಟಿಯಲ್ಲಿ.

"ಕೋಟಿಲ್ದೆ ತಾಳಿ ಕಟ್ತಾನೆ. ನಮ್ಮಪ್ಪ ಕೋಟು ಹಾಕ್ಕಂಡೇ ಕಟ್ಟಿದ್ನಾ?"

"ನನ್ನ ಕತ್ತರಿ?"

"ನಿನ್ ಕತ್ತರಿ ಸುಡ್ತು! ನಿನಗೊಂದೇ ಅಲ್ಲ, ನನಗೂ ಹೊಡದವೆ ಕಣಪ್ಪ. ಎಲ್ಲಿಗೆ ಅಂತ ಮಾತ್ರ ಕೇಳಬ್ಯಾಡ."

ನೆರಳು ಉದ್ದವಾದ ಮೇಲೆ ಹುಳುಗಳು ಒಂದೊಂದಾಗಿ ಎದ್ದು ಹೋದವು. ಮಕ್ಬೂಲ್ ಕೋಲಿನಿಂದ ಗಂಟನ್ನು ಎಳೆದು, ಬಿಚ್ಚಿ ಕೊಡವಿದ. ಮೇಲೆ ಕಲೆಯಿರಲಿಲ್ಲ. ಮಡಿಕೆ ಮಡಿಕೆ ತೆಗೆದು ನೋಡುವಷ್ಟು ಹೊತ್ತಿರಲಿಲ್ಲ.

"ಈ ಸುದ್ದಿ ನಮ್ಮಕ್ಕನ ಕಿವಿಗೆ ಬೀಳಬಾರ್ದು," ಎಂದ ಗಂಗಹನುಮಯ್ಯ. "ಮದುವೆ ಬಟ್ಟೆ ಮ್ಯಾಲೆ ಹೆಜ್ಜೇನು ಕೂತಿತ್ತು ಅಂದ್ರೆ ಅಪಶಕುನ ಅಂತ ಲಗ್ನಾನೇ ನಿಲ್ಲಿಸ್ಬುಡ್ತಾಳೆ. ಮೂತಿ ಯಾಕೆ ಊದೈತೆ ಅಂದ್ರೆ ಹಲ್ಲುನೋವು ಅನ್ನು."

"ನಿಮ್ಮದು?"

"ನಾನು ಕೂತ್ಕಣಲ್ಲ, ನಿಂತ್ಕಂಡೇ ಇರ್ತೀನಿ."

ಇಳಿಜಾರಿನುದ್ದಕ್ಕೂ ಮಕ್ಬೂಲ್ ಗಂಟಿಗೆ ಕಿವಿ ಕೊಟ್ಟೇ ನಡೆದ. ಗುಂಯ್ ಎನ್ನುವುದು ಕೋಟೋ ತನ್ನ ಕಿವಿಯೋ ಗೊತ್ತಾಗಲಿಲ್ಲ. ಒಳಗೊಂದು ಹುಳು ಉಳಿದಿದ್ದು ತಾಳಿ ಕಟ್ಟುವ ಹೊತ್ತಿಗೆ ಮದುಮಗ ಎಗರಿಬಿದ್ದರೆ? ಊರು ಕಂಡಾಗ ಓಲಗ ಶುರುವಾಗಿತ್ತು.

ಮದುಮಗ ಕದರಪ್ಪ ಅಂಗಿ ತೊಟ್ಟು ಸಿದ್ಧನಾಗಿದ್ದ. ಅವನ ತಾಯಿ ನರಸಮ್ಮ ಬಾಗಿಲಲ್ಲೇ ತಡೆದಳು. "ಈಗ ಬಂದ್ರಾ? ಇದ್ಯಾಕಪ್ಪ ನಿನ್ ಮೂತಿ ಇಂಗೆ?"

"ಹಲ್ಲುನೋವು ಅಮ್ಮ."

"ಎರಡೂ ದವಡೇಲಾ?"

"ಬಲು ಬಾಧೆ ಅಮ್ಮ."

ಕದರಪ್ಪ ಕೋಟಿಗೆ ಕೈ ಚಾಚಿದ. ಮಕ್ಬೂಲ್ ಕೊಡಲಿಲ್ಲ. "ಒಂದು ನಿಮಿಷ, ಒಳಗಿನ ಅಸ್ತರು ನೋಡ್ತೀನಿ," ಎಂದು ತನ್ನ ಬಲಗೈಯನ್ನೇ ಎಡತೋಳಿನೊಳಗೆ ಇಳಿಸಿದ.

"ಏ, ಏನ್ಮಾಡ್ತಿದೀಯಾ? ಮದುಮಗನ ಬಟ್ಟೇಲಿ ಬ್ಯಾರೆಯೋರು ಕೈ ಇಕ್ತಾರಾ?" ಎಂದು ನರಸಮ್ಮ ಕೂಗಿದಳು.

ಎಡತೋಳಿನಲ್ಲಿ ಏನೂ ಇರಲಿಲ್ಲ. ಬಲತೋಳಿನಲ್ಲಿ, ಮೊಣಕೈಯ ಮಡಿಕೆಯಲ್ಲಿ, ಇತ್ತು. ಹೆಬ್ಬೆರಳ ಬುಡಕ್ಕೆ ಕೊಂಡಿ ಇಳಿದಾಗ ಮಕ್ಬೂಲನ ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ಬಿಡಲಿಲ್ಲ. ಹುಳುವನ್ನು ಮುಷ್ಟಿಯಲ್ಲಿ ಹಿಸುಕಿ ಕೈ ಹೊರಗೆಳೆದ.

"ಏನದು ಮುಷ್ಟೀಲಿ?" ಎಂದಳು ನರಸಮ್ಮ.

ಗಂಗಹನುಮಯ್ಯ ಸೂರು ನೋಡತೊಡಗಿದ.

"ಸೂಜಿ ಅಮ್ಮ," ಎಂದ ಮಕ್ಬೂಲ್. "ಮರೆತು ಒಳಗೇ ಬಿಟ್ಟಿದ್ದೆ."

ದರ್ಜಿಯಾದವನು ಬಾಯಿಬಿಟ್ಟು ಹೇಳಬಾರದ ಮಾತು ಅದೊಂದೇ. ನರಸಮ್ಮ ಹಣೆ ಚಚ್ಚಿಕೊಂಡಳು. "ನನ್ ಮಗನ ಮೈಗೆ ಚುಚ್ಚಿದ್ರೆ? ಎಂಥಾ ಕೆಲಸಗಾರನ್ನ ಕಳಿಸಿದಾನೆ ಆ ಸಾಬ! ಸಿರಾ ಸಂತೆಗೆ ಬಂದಾಗ ಕೇಳೇ ಕೇಳ್ತೀನಿ."

"ಕೇಳಮ್ಮ," ಎಂದು ಮಕ್ಬೂಲ್ ಕೋಟು ಬಿಡಿಸಿ ಹಿಡಿದ. ಅದು ಕದರಪ್ಪನ ಹೆಗಲಿಗೆ ಹುಟ್ಟಿನಿಂದಲೇ ಬಂದಂತೆ ಕೂತಿತು. ತೋಳೂ ಗಿಡ್ಡವಾಗಿರಲಿಲ್ಲ. ಕೊನೆಯ ಹೊಲಿಗೆಯನ್ನು ಎಡಗೈಯಲ್ಲಿ ಹಾಕಿದ. ಕದರಪ್ಪ ಕಾಲರು ಮೂಸಿ ಹಲ್ಲು ಕಿರಿದು ಹಸೆಗೆ ಹೋದ.

ಮುಂದಿನ ಸಂತೆಗೆ ನರಸಮ್ಮ ಬಂದಳು, ಕೇಳಿದಳು. ಕರೀಮ್ ಸಾಬರು ಕೋಟಿನ ಅಳತೆಯ ವಿಷಯ ಎತ್ತಲೇ ಇಲ್ಲ. ಕತ್ತರಿಯನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡು, ಮಕ್ಬೂಲನ ಮುಂದೆ ಕಾಜಾಕ್ಕೆಂದು ಅಂಗಿಗಳ ರಾಶಿ ಹಾಕಿದರು. ಅವನ ಹೆಬ್ಬೆರಳು ಇನ್ನೂ ಬದನೆಕಾಯಿಯ ಹಾಗೇ ಇತ್ತು. ದಾರ ಪೋಣಿಸಲು ಪಕ್ಕದ ಹುಡುಗನನ್ನು ಕರೆಯಬೇಕಾಯಿತು.